ಇನ್ನೂರ ಹದಿಮೂರನೆಯ ದವಡೆ

ಪಾಲಯ್ಯನ ಮುಂದೆ ಯಾವ ದನವೂ ವಯಸ್ಸು ಮುಚ್ಚಿಟ್ಟು ಗೆದ್ದಿರಲಿಲ್ಲ. ಎಡಗೈಯಲ್ಲಿ ಮೂಗು ಹಿಡಿದು, ಬಲಗೈ ಹೆಬ್ಬೆರಳಿನಿಂದ ಕೆಳತುಟಿ ಜಗ್ಗಿ ಒಂದು ಸಲ ಇಣುಕಿದನೆಂದರೆ ಮುಗಿಯಿತು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದು ಬಾಯಿಗೂಡಿದ್ದು, ಬಾಯಿಗೂಡಿ ಎಷ್ಟು ಮಳೆಗಾಲ ಕಳೆಯಿತು, ಎಲ್ಲವನ್ನೂ ಮಾರುವವನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದ. ದನದ ಸಂತೆಗೆ ಅವನು ಬಂದನೆಂದರೆ ಕೆಲವರು ತಮ್ಮ ಎತ್ತು ಬಿಚ್ಚಿಕೊಂಡು ಇನ್ನೊಂದು ಸಾಲಿಗೆ ಹೋಗುತ್ತಿದ್ದರಂತೆ.

ಈ ವಿದ್ಯೆ ಕಲಿಸಿದವನು ಅವನ ದೊಡ್ಡಪ್ಪ ಬೋರಯ್ಯ. ಮೋಸಗಾರರು ಮುದಿ ಎತ್ತಿನ ಕೊಂಬನ್ನು ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಸವರಿ, ಹರೆಯದ್ದೆಂದು ಕೊಳ್ಳುವವರ ತಲೆಗೆ ಕಟ್ಟುತ್ತಿದ್ದ ಕಾಲ ಅದು. "ಕೊಂಬು ನೋಡ್ಬ್ಯಾಡ ಕಣ್ಲಾ," ಎನ್ನುತ್ತಿದ್ದ ಬೋರಯ್ಯ. "ಕೊಂಬು ಮನುಷ್ಯನ ಕೈಗೆ ಸಿಗ್ತೈತೆ, ಹೆರೀತಾನೆ. ಹಲ್ಲು ಯಾರ ಕೈಗೂ ಸಿಗಲ್ಲ. ಬಾಯಿ ಬಿಚ್ಚಿ ನೋಡು, ಧೈರ್ಯವಾಗಿ ಹೇಳು." ಅಂದಿನಿಂದ ಪಾಲಯ್ಯ ಯಾವ ಪ್ರಾಣಿಯ ಕೊಂಬನ್ನೂ ಕಣ್ಣೆತ್ತಿ ನೋಡಿದವನಲ್ಲ. ಕೊಂಬು ನೋಡುವುದೆಂದರೆ ದೊಡ್ಡಪ್ಪನಿಗೆ ಅವಮಾನ ಮಾಡಿದ ಹಾಗೆ ಎಂದುಕೊಂಡಿದ್ದ.

ಆ ಸಂತೆಗಳು ಈಗ ಎಲ್ಲಿವೆ? ಬಿಸಿಲು ಎಲ್ಲವನ್ನೂ ನುಂಗಿತು. ಬೇಸಿಗೆಯ ನಾಲ್ಕು ತಿಂಗಳು ಹಗಲು ಹನ್ನೊಂದರಿಂದ ಐದರವರೆಗೆ ಕಾಟವ್ವನಹಟ್ಟಿಯ ಜನವೆಲ್ಲ ತಂಪುಮನೆಯೊಳಗೆ. ಅರ್ಧ ನೆಲದೊಳಗೆ ಹೂತ, ದಪ್ಪ ಮಣ್ಣುಗೋಡೆಯ ಉದ್ದನೆಯ ಆ ಕಟ್ಟಡದಲ್ಲಿ ಚಾಪೆ ಹಾಸಿಕೊಂಡು, ಮಾತಾಡುವುದಕ್ಕೂ ಬೇಸರಪಟ್ಟು ಕೂತಿರುತ್ತಾರೆ. ಹೊರಗೆ ನಲವತ್ತೊಂಬತ್ತು ಡಿಗ್ರಿ. ಹೋದ ವೈಶಾಖದಲ್ಲಿ ಆ ಪುಟ್ಟ ಊರಿನಲ್ಲೇ ಹನ್ನೊಂದು ಜನ ಬಿಸಿಲಿಗೆ ಸತ್ತರು. ಪಾಲಯ್ಯನ ಹೆಂಡತಿ ಓಬಳಮ್ಮನಿಗೂ ಬಿಸಿಲು ಬಡಿದು ಮೂರು ದಿನ ಮಾತು ಹೋಗಿತ್ತು. ನಾಲ್ಕನೆಯ ದಿನ ಅವಳು ಬಾಯಿಬಿಟ್ಟು "ದನಕ್ಕೆ ನೀರಿಟ್ಟೆಯಾ?" ಎಂದು ಕೇಳಿದಾಗ ಅರವತ್ತೊಂದರ ಪಾಲಯ್ಯ ಎಲ್ಲರೆದುರು ಗಳಗಳನೆ ಅತ್ತುಬಿಟ್ಟ.

ಇಂಥ ಬಿಸಿಲಿಗೆ ಮದ್ದು ಎಂದು ಬಂದದ್ದು ಗಾಜುಹುಲ್ಲು. ಅದು ಜನ ಇಟ್ಟ ಹೆಸರು. ಕಡತದಲ್ಲಿ ಬೇರೆ ಏನೋ ಉದ್ದನೆಯ ಹೆಸರಿದೆ, ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲ ಹುಲ್ಲೂ ಮಣ್ಣಿನ ಮರಳಿನ ಅಂಶವನ್ನು ಬೇರಿನಿಂದ ಹೀರಿ, ಎಲೆಯೊಳಗೆ ಕಣ್ಣಿಗೆ ಕಾಣದ ಗಾಜಿನಂಥ ಹರಳು ಮಾಡಿಟ್ಟುಕೊಳ್ಳುತ್ತದೆ. ಕೈಗೆ ಹುಲ್ಲು ಕೊಯ್ಯುವುದು ಅದಕ್ಕೇ. ಊರ ಪಕ್ಕದ ಹುಲ್ಲುಗಾವಲು ಬಿಳಿಕಲ್ಲು ಕಾವಲಿನ ಅಂಚಿನಲ್ಲಿದ್ದ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಹರಳನ್ನು ಐದು ಪಟ್ಟು ಹೆಚ್ಚು ಮಾಡುವ ಹುಲ್ಲನ್ನು ಬೆಳೆಸಿದ್ದರು. ಪ್ರತಿ ಹರಳಿನ ಹೊಟ್ಟೆಯಲ್ಲೂ ಗಾಳಿಯಿಂದ ಹೀರಿದ ಒಂಚೂರು ಇಂಗಾಲ. ಎಲೆ ಕೊಳೆತರೂ ಹರಳು ಕೊಳೆಯುವುದಿಲ್ಲ, ಸಾವಿರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ಲಕ್ಷಾಂತರ ಎಕರೆಗೆ ಇದನ್ನು ಬಿತ್ತಿದರೆ ಗಾಳಿ ಹಗುರವಾಗುತ್ತದೆ, ಮೊಮ್ಮಕ್ಕಳ ಕಾಲಕ್ಕಾದರೂ ಬೇಸಿಗೆ ತಣಿಯುತ್ತದೆ ಎಂಬ ಆಸೆ. ಸುಳ್ಳು ಆಸೆಯಲ್ಲ, ಲೆಕ್ಕ ಸರಿಯಾಗಿಯೇ ಇತ್ತು.

ಒಂದೇ ಒಂದು ಷರತ್ತಿತ್ತು. ಆ ಹುಲ್ಲು ಮೇಯ್ದ ಪ್ರಾಣಿ ಕಾಲಕ್ಕೆ ಮುಂಚೆ ಸಾಯಬಾರದು. ಅದಕ್ಕಾಗಿ ಕಾವಲಿನ ಮೂರು ಸಾವಿರ ಎಕರೆಗೆ ಬೇಲಿ ಹಾಕಿ, ಗಾಜುಹುಲ್ಲು ಬಿತ್ತಿ, ಅಲ್ಲಿದ್ದ ಕೃಷ್ಣಮೃಗಗಳನ್ನು ಅವುಗಳ ಪಾಡಿಗೆ ಬಿಟ್ಟು ಆರು ವರ್ಷ ಕಾದರು. ಕಾಡಿನ ಮೃಗಕ್ಕೆ ಹುಟ್ಟಿದ ದಿನ ಬರೆದಿಟ್ಟವರು ಯಾರು? ಸತ್ತ ಮೃಗಕ್ಕೆ ವಯಸ್ಸು ಹೇಳುವವರು ಬೇಕಾಯಿತು. ಕೇಂದ್ರದವರು ಹುಡುಕಿಕೊಂಡು ಬಂದು ಪಾಲಯ್ಯನನ್ನು ಕೆಲಸಕ್ಕಿಟ್ಟುಕೊಂಡರು. ಅವನು ಬೆಳಗಿನ ತಂಪಿನಲ್ಲಿ ಕಾವಲು ಸುತ್ತಿ, ಸತ್ತು ಬಿದ್ದದ್ದರ ತಲೆ ತಂದು, ಕೆಳದವಡೆ ಬಿಡಿಸಿ, ತೊಳೆದು, ಹಲ್ಲು ನೋಡಿ ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದ. ಇನ್ನೂರ ಹನ್ನೆರಡು ದವಡೆ. ಹನ್ನೊಂದು ವರ್ಷ, ಹದಿಮೂರು ವರ್ಷ, ಹನ್ನೆರಡು ವರ್ಷ. ಎಲ್ಲದರ ಮುಂದೆಯೂ ಒಂದೇ ಮಾತು: ವಯಸ್ಸಾಗಿ ಸತ್ತದ್ದು.

ಆ ಪುಸ್ತಕದ ಮೇಲೆ ಎಲ್ಲವೂ ನಿಂತಿತ್ತು. ಇನ್ನು ಹತ್ತು ದಿನಕ್ಕೆ ಸಮಿತಿಯ ಸಭೆ. ಸಮಿತಿ ಹೂಂ ಎಂದರೆ ಮುಂಗಾರಿನ ಮೊದಲ ಮಳೆಗೆ ನಲವತ್ತು ಲಕ್ಷ ಎಕರೆ ಹುಲ್ಲುಗಾವಲಿಗೆ ಬೀಜ ಬೀಳುತ್ತಿತ್ತು.

ಆ ದಿನಗಳಲ್ಲೇ ಕೇಂದ್ರಕ್ಕೆ ದಿನಗೆರೆ ಯಂತ್ರ ಬಂತು.

"ಪಾಲಯ್ಯನವರೇ, ಒಳಗೆ ಬನ್ನಿ. ನಿಮಗೊಂದು ಪರೀಕ್ಷೆ ಇದೆ," ಎಂದು ಕರೆದರು ಮಂದಾಕಿನಿ. ಗಾಜುಹುಲ್ಲನ್ನು ಹುಟ್ಟುಹಾಕಿದವರಲ್ಲಿ ಅವರೂ ಒಬ್ಬರು. ಐವತ್ತರ ಆಸುಪಾಸಿನ, ಸದಾ ಕನ್ನಡಕ ಹುಡುಕುತ್ತಿರುವ ಹೆಂಗಸು. ಹುಲ್ಲಿನ ಈಗಿನ ಕತೆಯಷ್ಟೇ ಅದರ ಹಳೆಯ ಕತೆಯ ಹುಚ್ಚೂ ಅವರಿಗಿತ್ತು.

ಮೇಜಿನ ಮೇಲೆ ಒಂದು ಕೆಳದವಡೆ ಇತ್ತು. ಕಲ್ಲಾಗಿ ಹೋಗಿತ್ತು, ಬಣ್ಣ ಕಾಸಿದ ಬೆಲ್ಲದ್ದು. ಪಾಲಯ್ಯ ಕೈಗೆತ್ತಿಕೊಂಡ. ಹೆಬ್ಬೆರಳು ತಾನಾಗಿಯೇ ಹಲ್ಲಿನ ಸಾಲಿನ ಮೇಲೆ ಹರಿಯಿತು.

"ಎಲ್ಲೀದಮ್ಮ ಇದು?"

"ಹಿಮಾಲಯದ ಬುಡದ ಶಿವಾಲಿಕ್ ಗುಡ್ಡದ್ದು. ಎಪ್ಪತ್ತೈದು ಲಕ್ಷ ವರ್ಷದ ಹಿಂದೆ ಬದುಕಿತ್ತು. ನೀಲಗಾಯಿಯ ವಂಶದ ಅಜ್ಜಿ ಅಂದುಕೊಳ್ಳಿ. ವಯಸ್ಸೆಷ್ಟು, ಹೇಳಿ ನೋಡೋಣ."

"ಎಪ್ಪತ್ತೈದು ಲಕ್ಷ ಅಂತ ನೀವೇ ಹೇಳಿದ್ರಲ್ಲ," ಎಂದು ಪಾಲಯ್ಯ ತಮಾಷೆ ಮಾಡಿ, ದವಡೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ದವಡೆಹಲ್ಲುಗಳು ಸವೆದು ಸವೆದು ವಸಡಿನ ಮಟ್ಟಕ್ಕೆ ಬಂದಿದ್ದವು. "ಏನಿಲ್ಲ ಅಂದ್ರೂ ಹದಿನಾಲ್ಕು. ಹಣ್ಣಣ್ಣು ಮುದುಕಿ. ಪಾಪ, ಕೊನೇ ಎರಡು ವರ್ಷ ಏನೂ ಅಗೀಲಾರ್ದೆ ಇತ್ತು."

ಮಂದಾಕಿನಿ ನಗಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿದರು. "ಐದು ವರ್ಷ ಎರಡು ತಿಂಗಳು."

ಯಂತ್ರದ ಕೆಲಸ ದೊಡ್ಡ ಒಗಟೇನಲ್ಲ. ಹಲ್ಲು ಬೆಳೆಯುವಾಗ ದಿನಕ್ಕೊಂದು ಗೆರೆ ಮೂಡುತ್ತದೆ. ಬೆಳೆದು ಮುಗಿದ ಮೇಲೆ ಬೇರಿನ ಸುತ್ತ ಮಳೆಗಾಲಕ್ಕೊಂದು, ಬೇಸಿಗೆಗೊಂದು ತೆಳ್ಳನೆಯ ಪದರ ಕೂರುತ್ತದೆ, ಮರದ ಸುತ್ತುಗಳ ಹಾಗೆ. ಹಲ್ಲನ್ನು ಒಡೆಯದೆಯೇ, ಕ್ಷ-ಕಿರಣ ಹಾಯಿಸಿ, ಯಂತ್ರ ಅವನ್ನೆಲ್ಲ ಎಣಿಸುತ್ತದೆ. ಆ ಹೊತ್ತಿಗೆ ಪ್ರಾಣಿ ತಿಂದದ್ದು ಎಲೆಯೋ ಹುಲ್ಲೋ, ಕುಡಿದದ್ದು ಹೊಸ ಮಳೆಯ ನೀರೋ ಬತ್ತುವ ಹೊಂಡದ್ದೋ ಎಂಬುದನ್ನೂ ಬಣ್ಣದ ಪಟ್ಟಿಯಾಗಿ ತೋರಿಸುತ್ತದೆ. ಪರದೆಯ ಮೇಲೆ ಆ ಪಟ್ಟಿ ಎಡದಿಂದ ಬಲಕ್ಕೆ ಹರಡಿತ್ತು. ಮೊದಲು ಹಸಿರು, ತಾಯಿಯ ಜೊತೆ ತಿಂದ ಕಾಡಿನ ಎಲೆ. ಆಮೇಲೆ ಹಸಿರಿನ ನಡುವೆ ಹಳದಿ ಎಳೆಗಳು. ನಾಲ್ಕನೆಯ ವರ್ಷದ ಹೊತ್ತಿಗೆ ಹಳದಿಯೇ ಹಳದಿ, ಅದರಲ್ಲಿ ಒಂದೊಂದೇ ಹಸಿರು ಚುಕ್ಕೆ.

"ಆಗ ಗಾಳಿಯಲ್ಲಿ ಇಂಗಾಲ ಕಡಿಮೆಯಾಗುತ್ತಾ ಬಂತು," ಮಂದಾಕಿನಿ ಹೇಳಿದರು. "ಈಗಿನದಕ್ಕೆ ತದ್ವಿರುದ್ಧ. ಮಳೆ ನಾಲ್ಕೇ ತಿಂಗಳಿಗೆ ಒಟ್ಟಾಯಿತು, ಉಳಿದದ್ದು ಒಣಗಾಲ. ಕಾಡು ಹಿಂದೆ ಸರಿಯಿತು, ಅದರ ಜಾಗಕ್ಕೆ ಹುಲ್ಲು ಬಂತು. ಇದಕ್ಕೆ ಇದ್ದದ್ದು ಎಲೆ ತಿನ್ನುವ ಗಿಡ್ಡ ಹಲ್ಲು. ಹುಲ್ಲಿನ ಹರಳು ಅದನ್ನು ಉಜ್ಜಿ ಉಜ್ಜಿ ಐದೇ ವರ್ಷಕ್ಕೆ ಮುಗಿಸಿಬಿಟ್ಟಿತು. ಎದುರಿಗೆ ಸೊಂಟದೆತ್ತರ ಹುಲ್ಲಿದ್ದಾಗಲೇ ಉಪವಾಸ ಸತ್ತಿದೆ ಪಾಲಯ್ಯನವರೇ."

ಪಾಲಯ್ಯನ ಮುಖ ಬಿಗಿಯಾಯಿತು. "ನಿಮ್ಮ ಮಿಷಿನ್ನಿಗೆ ಕಣ್ಣು ಮಂಜಾಗೈತೆ. ಐದು ವರ್ಷದ ಬಾಯಿ ಹಿಂಗಿರಲ್ಲ. ಎಷ್ಟು ಸಾವಿರ ಬಾಯಿ ನೋಡೀನಿ ನಾನು!"

"ಇರಲಿ ಬಿಡಿ, ಕೋಪ ಬೇಡ," ಎಂದರು ಅವರು. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ, "ನಮ್ಮ ಕೃಷ್ಣಮೃಗದ ಹಲ್ಲು ಎತ್ತರ, ಹುಲ್ಲಿಗೆಂದೇ ಬೆಳೆದದ್ದು. ಆದರೂ ಮೊದಲ ವರ್ಷ ನನಗೆ ನಿದ್ದೆ ಬರುತ್ತಿರಲಿಲ್ಲ. ಇದಕ್ಕೂ ಹಾಗೇ ಆದರೆ ಅಂತ. ನಿಮ್ಮ ಪುಸ್ತಕ ನೋಡಿದ ಮೇಲೆಯೇ ನೆಮ್ಮದಿ ಆದದ್ದು," ಎಂದರು.

ಪಾಲಯ್ಯ ಆ ಮಾತಿನಿಂದ ಸಮಾಧಾನಗೊಂಡು, ಎದೆ ಸ್ವಲ್ಪ ಉಬ್ಬಿಸಿಕೊಂಡೇ ಮನೆಗೆ ಹೋದ.

ಸಂಜೆ ಆರಕ್ಕೆ ಓಬಳಮ್ಮ ಮುದ್ದೆ ಬಡಿಸಿದಳು, ಹುರುಳಿಕಾಳಿನ ಸಾರು. ಮೊದಲ ತುತ್ತಿಗೇ ಪಾಲಯ್ಯನ ಬಾಯಲ್ಲಿ ಕರ್ ಎಂದಿತು. ಮುದ್ದೆಯನ್ನು ಅಗಿಯದೆ ನುಂಗುವವನಾದರೂ ನಾಲಿಗೆಗೆ ಮರಳು ತಾಗಿ ಮುಖ ಹಿಂಡಿದ.

"ಏನೇ ಇದು, ಮರಳಿನ ಮುದ್ದೆ ಕಟ್ಟೀಯಾ?"

"ನನ್ಯಾಕೆ ಬೈತೀಯ? ಗಿರಣಿ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸವ್ರೆ. ಮೊದಲ್ನೇ ಹಿಟ್ಟು ದನಕ್ಕೆ ಹಾಕ್ಬೇಕಾಗಿತ್ತು, ನಮ್ಮ ಪಾಲಿಗೇ ಬಂತು." ಅವಳು ತನ್ನ ತಟ್ಟೆಯ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ ನಕ್ಕಳು. "ತಿಂಗಳು ಪೂರಾ ಇದನ್ನೇ ತಿಂದು ಸತ್ತೆ ಅಂತಿಟ್ಕೋ. ನಿನ್ನ ಹಲ್ಲು ನೋಡ್ದೋರು ನೂರು ವರ್ಷದ ಮುದುಕಪ್ಪ, ಬದುಕು ಮುಗಿಸ್ಕೊಂಡು ಹೋಯ್ತು ಅಂತಾರೆ. ಒಬ್ಬರೂ ಅಳಲ್ಲ ನೋಡು."

ಎರಡನೆಯ ತುತ್ತು ಪಾಲಯ್ಯನ ಕೈಯಲ್ಲೇ ಉಳಿಯಿತು. ಸತ್ತ ಮೃಗಗಳ ಹೊಟ್ಟೆ ಕೊಯ್ದಾಗ ಪಶುವೈದ್ಯರು ಹೇಳುತ್ತಿದ್ದ ಮಾತು ನೆನಪಿಗೆ ಬಂತು: ಹೊಟ್ಟೆ ತುಂಬ ಹುಲ್ಲಿದೆ, ಹಸಿವಿನ ಸಾವಲ್ಲ. ಹುಲ್ಲೇನೋ ಇತ್ತು. ಕುಡುಗೋಲಿನಲ್ಲಿ ಕೊಯ್ದು ತುಂಬಿದ ಹಾಗೆ ಉದ್ದುದ್ದ, ಅಗಿಯದ, ಮೈಗೆ ಹತ್ತದ ಹುಲ್ಲು. ಮುದಿಯಾದ್ದರಿಂದ ಅಗಿಯಲಾರದೆ ನುಂಗಿವೆ ಎಂದು ಸಮಜಾಯಿಷಿ ಕೊಟ್ಟವನು ತಾನೇ.

"ಯಾಕೆ? ಏನಾಯ್ತು?" ಓಬಳಮ್ಮ ಗಾಬರಿಯಾದಳು.

"ಏನಿಲ್ಲ. ನೀನು ಉಣ್ಣು," ಎಂದು ಅವನು ಕೈ ತೊಳೆದುಕೊಂಡ.

ಬೆಳಕು ಹರಿಯುತ್ತಲೇ ಪಾಲಯ್ಯ ಕೇಂದ್ರದ ಹಿಂದಿನ ತಗಡಿನ ಕೊಟ್ಟಿಗೆಗೆ ಹೋದ. ದವಡೆಗಳಿಗೆ ಒಳಗೆ ಗಾಜಿನ ಕಪಾಟಿತ್ತು. ಉಳಿದ ತಲೆಬುರುಡೆಗಳನ್ನು ಆರು ವರ್ಷದಿಂದ ಅವನೇ ಈ ಕೊಟ್ಟಿಗೆಗೆ ಎಸೆಯುತ್ತಾ ಬಂದಿದ್ದ. ಪ್ರತಿಯೊಂದಕ್ಕೂ ದವಡೆಯದೇ ನಂಬರಿನ ತಗಡು ಕಟ್ಟಿದ್ದರೂ ಮತ್ತೆ ತಿರುಗಿ ನೋಡಿರಲಿಲ್ಲ. ನೋಡುವುದಕ್ಕೆ ಅಲ್ಲಿ ಇದ್ದದ್ದಾದರೂ ಏನು, ಕೊಂಬು ತಾನೆ?

ಗಂಡು ಕೃಷ್ಣಮೃಗದ ಕೊಂಬು ತಿರುಪಿನಂತೆ ಸುತ್ತಿಕೊಂಡು ಬೆಳೆಯುತ್ತದೆ. ವಯಸ್ಸು ಏರಿದಂತೆ ಸುತ್ತೂ ಏರುತ್ತದೆ, ಪೂರಾ ಬೆಳೆದದ್ದಕ್ಕೆ ನಾಲ್ಕು ಸುತ್ತಾದರೂ ಇರುತ್ತದೆ. ದನ ಕಾಯುವ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಅರವತ್ತು ವರ್ಷದಲ್ಲಿ ಮೊದಲ ಸಲ ಪಾಲಯ್ಯ ಮಂಡಿಯೂರಿ ಕೂತು ಕೊಂಬಿನ ಸುತ್ತು ಎಣಿಸಿದ. ನಲವತ್ತೆಂಟನೆಯ ನಂಬರು. ತಾನು ಹನ್ನೆರಡು ವರ್ಷ ಎಂದು ಬರೆದದ್ದು. ಕೊಂಬಿಗೆ ಎರಡೇ ಸುತ್ತು. ತೊಂಬತ್ತಮೂರು, ಎರಡೂವರೆ. ನೂರ ಏಳು, ಎರಡು. ನೂರ ಅರವತ್ತು, ಒಂದು ಸುತ್ತು ಮುಗಿದು ಎರಡನೆಯದು ಆಗತಾನೆ ಶುರುವಾಗಿತ್ತು. ಈ ಕೊಂಬುಗಳನ್ನು ಯಾರೂ ಹೆರೆದಿರಲಿಲ್ಲ. ಕಾಡಿನಲ್ಲಿ ಯಾರು ಯಾರಿಗೆ ಮೋಸ ಮಾಡಬೇಕು? ಆರು ವರ್ಷ ಅವು ನಿಜವನ್ನೇ ಹೇಳುತ್ತಾ ಬಿದ್ದಿದ್ದವು. ಅವನು ಕೇಳಿರಲಿಲ್ಲ, ಅಷ್ಟೆ.

ಮೊದಲು ಬಂದದ್ದು ಹೆದರಿಕೆ. ಸುಮ್ಮನಿದ್ದುಬಿಡೋಣವೇ ಎಂದೂ ಅನಿಸಿತು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಓಬಳಮ್ಮನ ಮಾತು ನಿಂತುಹೋಗಿದ್ದ ಆ ಮೂರು ದಿನ ಕಣ್ಣ ಮುಂದೆ ಬಂತು. ಹುಲ್ಲು ಬಂದರೆ ಬಿಸಿಲು ತಗ್ಗುತ್ತದೆ. ಊರಿಗೆ ಊರೇ ಆ ಒಂದು ಆಸೆಯ ಮೇಲೆ ಉಸಿರು ಹಿಡಿದು ಕೂತಿದೆ. ಆದರೆ ಊರಿನ ಕುರಿ, ಆಕಳು, ಎಮ್ಮೆ? ಅವು ಇನ್ನೇನು ತಿನ್ನಬೇಕು? ಕೃಷ್ಣಮೃಗದ ಹಲ್ಲನ್ನೇ ಮೂರು ವರ್ಷಕ್ಕೆ ಮುಗಿಸಿದ ಹುಲ್ಲು ಅವನ್ನು ಬಿಟ್ಟೀತೇ? ನೂರ ಅರವತ್ತನೆಯ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಬಹಳ ಹೊತ್ತು ಕೂತಿದ್ದ. ಬಿಸಿಲೇರಿ ತಗಡು ಕಾಯತೊಡಗಿದಾಗ ಎದ್ದ.

ಆರು ದವಡೆಗಳನ್ನು ಟವೆಲಿನಲ್ಲಿ ಕಟ್ಟಿ ಮಂದಾಕಿನಿಯವರ ಮೇಜಿನ ಮೇಲಿಟ್ಟ.

"ಇವನ್ನ ನಿಮ್ಮ ಮಿಷಿನ್ನಿಗೆ ಹಾಕಿ ಮೇಡಮ್."

"ಇವು ನಮ್ಮ ಕಪಾಟಿನವಲ್ಲವೇ? ಇವುಗಳ ವಯಸ್ಸು ನೀವೇ ಬರೆದಿದ್ದೀರಲ್ಲ."

"ಬರೆದೀನಿ. ಅದಕ್ಕೇ ಹಾಕಿ ಅಂತಿರಾದು."

ಅವರು ಅವನ ಮುಖ ನೋಡಿದರು. ಮೊದಲ ದವಡೆಯನ್ನು ಯಂತ್ರಕ್ಕೆ ಇಟ್ಟರು. ಒಂದೊಂದು ದವಡೆಗೆ ಯಂತ್ರ ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು. ಎರಡು ದಿನ ಪಾಲಯ್ಯ ಆ ಕೋಣೆಯ ಮೂಲೆಯ ಸ್ಟೂಲ್ ಬಿಟ್ಟು ಏಳಲಿಲ್ಲ. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪರದೆಯ ಮೇಲೆ ಒಂದೊಂದೇ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು, ಎಲ್ಲವೂ ಹಳದಿ, ಎಲ್ಲವೂ ಗಿಡ್ಡ. ಮೂರು ವರ್ಷ. ಮೂರು ವರ್ಷ ನಾಲ್ಕು ತಿಂಗಳು. ನಾಲ್ಕು. ಎರಡು ವರ್ಷ ಒಂಬತ್ತು ತಿಂಗಳು. ಎರಡೇ ವರ್ಷ. ಆರನೆಯದು ಹೆಣ್ಣು, ಕೊಂಬಿಲ್ಲದ್ದು. ಅದಕ್ಕೂ ಮೂರೇ ವರ್ಷ.

ಕೊನೆಯ ಪಟ್ಟಿ ನಿಂತ ಮೇಲೆ ಮಂದಾಕಿನಿ ಕನ್ನಡಕ ತೆಗೆದಿಟ್ಟು ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡರು.

"ಮೃಗಗಳ ಸಂಖ್ಯೆ ಕಡಿಮೆಯೇ ಆಗಿರಲಿಲ್ಲವಲ್ಲ ಪಾಲಯ್ಯ," ಎಂದರು. 'ಅವರೇ' ಬಿಟ್ಟುಹೋಗಿತ್ತು. "ಪ್ರತಿ ವರ್ಷ ನಾನೇ ನಿಂತು ಎಣಿಸಿದ್ದೇನೆ."

"ಬಡಗಣ ಬೇಲಿ ಹಾರಿ ಹೊಸವು ಬರ್ತಾನೇ ಇದ್ವು ಮೇಡಮ್. ಸುತ್ತ ಹತ್ತು ಹರಿದಾರಿ ಒಣಗಿ ನಿಂತೈತೆ, ಇಲ್ಲೊಂದೇ ಹಸಿರು. ಹಸಿರು ಕಂಡು ಬಂದ್ವು. ತಿಂದ್ವು."

ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಹೊರಗೆ ಗಾಜುಹುಲ್ಲು ಬಿಸಿಲಿಗೆ ಮಿರುಗುತ್ತಿತ್ತು, ನೋಡುವುದಕ್ಕೆ ಏನು ಚೆಂದ! "ಎಪ್ಪತ್ತೈದು ಲಕ್ಷ ವರ್ಷದ ಹಿಂದೆ ಈ ಬದಲಾವಣೆಗೆ ಲಕ್ಷಾಂತರ ವರ್ಷ ಹಿಡಿಯಿತು. ತಲೆಮಾರಿನಿಂದ ತಲೆಮಾರಿಗೆ ಹಲ್ಲು ಎತ್ತರವಾಗೋಕೆ ಸಮಯ ಸಿಕ್ಕಿತು. ಆದರೂ ಎಷ್ಟೋ ಜಾತಿ ಉಳಿಯಲಿಲ್ಲ. ನಾವು ಅದನ್ನೇ ಒಂದು ಮಳೆಗಾಲದಲ್ಲಿ ಮಾಡೋಕೆ ಹೊರಟಿದ್ದೆವು." ತಿರುಗದೆಯೇ ಕೇಳಿದರು: "ನನ್ನ ಇಪ್ಪತ್ತು ವರ್ಷ ಇದು. ಆರು ವರ್ಷ ನಿಮಗೆ ಒಂದು ಸಲವೂ ಅನುಮಾನ ಬರಲಿಲ್ಲವೇ?"

"ಬಂದಿತ್ತಮ್ಮ." ಪಾಲಯ್ಯ ದವಡೆಗಳನ್ನು ಮತ್ತೆ ಟವೆಲಿಗೆ ಸುತ್ತತೊಡಗಿದ. "ಒಂದ್ಸಲ ತಲೆ ತರುವಾಗ ಕೊಂಬು ಕಣ್ಣಿಗೆ ಬಿತ್ತು. ಎಳೇದು ಇದ್ದಂಗೈತಲ್ಲ ಅನ್ನಿಸ್ತು. ಕೊಂಬು ನೋಡ್ಬಾರ್ದು ಅಂತ ಮುಖ ತಿರುಗಿಸ್ಕೊಂಡೆ. ಕಲಿತದ್ದು ಹಂಗೆ. ನನ್ನ ತಪ್ಪಿಗೆ ನೀವು ಏನು ಮಾಡಿದ್ರೂ ಸರಿ. ಆದ್ರೆ ಸಭೇಲಿ ಇದನ್ನ ನಾನೇ ಹೇಳ್ತೀನಿ. ಬರೆದೋನು ನಾನು."

ಅವರು ಬೇಡ ಎನ್ನಬಹುದಿತ್ತು. ಆರೇ ದವಡೆ, ಯಂತ್ರ ಹೊಸದು, ಇನ್ನಷ್ಟು ಪರೀಕ್ಷೆ ಬೇಕು ಎಂದು ಸಭೆ ದಾಟಿಸಿಬಿಡಬಹುದಿತ್ತು. ಆ ಯೋಚನೆ ಅವರ ಮುಖದ ಮೇಲೆ ಬಂದು ಹೋದದ್ದನ್ನು ಪಾಲಯ್ಯ ಕಂಡ. ಆಮೇಲೆ ಅವರು ಕಪಾಟು ತೆರೆದು ಇನ್ನೂ ಇಪ್ಪತ್ತು ದವಡೆ ಹೊರತೆಗೆದು ಯಂತ್ರದ ಪಕ್ಕಕ್ಕೆ ಜೋಡಿಸತೊಡಗಿದರು. ಸಭೆಗೆ ಇನ್ನೂ ಆರು ದಿನವಿತ್ತು.

ಸಭೆ ನಡೆದದ್ದು ಕೇಂದ್ರದ ದೊಡ್ಡ ಕೋಣೆಯಲ್ಲಿ. ಗೋಡೆಯ ತುಂಬ ಪರದೆಗಳು, ಪರದೆಗೊಂದು ಮುಖ. ಮಂದಾಕಿನಿ ಅಂಕಿಅಂಶ ಹೇಳಿ ಮುಗಿಸಿ ಪಾಲಯ್ಯನ ಕಡೆ ನೋಡಿದರು. ಒಗೆದ ಬಿಳಿ ಅಂಗಿ, ಪಂಚೆಯಲ್ಲಿದ್ದ ಪಾಲಯ್ಯ ಎದ್ದು ನಿಂತ. ಕೈಯಲ್ಲಿ ನೂರ ಅರವತ್ತನೆಯ ಬುರುಡೆ ಇತ್ತು.

"ಸ್ವಾಮಿ, ನಾನು ಓದಿದೋನಲ್ಲ. ಹಲ್ಲು ನೋಡೋನು. ಇದರ ಹಲ್ಲು ನೋಡಿ ಹದಿಮೂರು ವರ್ಷ ಅಂತ ಬರೆದೆ. ಇದರ ಕೊಂಬು ನೋಡಿ." ಅವನು ಬುರುಡೆಯನ್ನು ಎತ್ತಿ ಹಿಡಿದ. "ಎರಡು ಸುತ್ತೂ ಮುಗಿದಿಲ್ಲ. ಇನ್ನೂ ಕರಿ ಬಣ್ಣ ಬಂದಿರ್ಲಿಲ್ಲ ಮೈಗೆ. ಮರಿ ಕಣ್ರಪ್ಪಾ ಇದು. ಇಂಥ ಇನ್ನೂರ ಹನ್ನೆರಡು ಮರಿನ ನಾನು ಮುದುಕ್ರು ಮಾಡಿ ಮಣ್ಣಿಗಿಟ್ಟೆ."

ಸಮಿತಿಯ ಅಧ್ಯಕ್ಷರು, ಬಿಳಿ ಕೂದಲಿನ ಹಿರಿಯರು, ಮೆಲ್ಲಗೆ ಕೇಳಿದರು: "ಹೋದ ಬೇಸಿಗೆಯಲ್ಲಿ ನಿಮ್ಮ ಊರಲ್ಲೇ ಹನ್ನೊಂದು ಜನ ಹೋದರಂತೆ. ಈ ಹುಲ್ಲು ತಡವಾದರೆ ಇನ್ನೂ ಹೋಗುತ್ತಾರೆ. ಗೊತ್ತಿದ್ದೂ ಹೇಳುತ್ತಿದ್ದೀರಾ?"

"ಗೊತ್ತು ಸ್ವಾಮಿ. ಅದರಾಗೆ ನನ್ನ ಹೆಂಡ್ತೀನೂ ಹೋಗ್ಬೌದು." ಪಾಲಯ್ಯ ಬುರುಡೆಯನ್ನು ಮೇಜಿನ ಮೇಲಿಟ್ಟ. "ಹುಲ್ಲು ಬಿತ್ತಬ್ಯಾಡಿ ಅನ್ನಲ್ಲ. ಇಂಥ ಹುಲ್ಲು ಬಿತ್ತಬ್ಯಾಡಿ. ದನ ಕುರಿ ಎಲ್ಲ ಸತ್ತು ಕಾವಲು ತಣ್ಣಗಾದ್ರೆ, ಆ ತಂಪಿನಾಗೆ ನಾವು ಏನು ಮಾಡ್ಕೊಂಡು ಬದುಕೋದು?"

ತೀರ್ಮಾನ ಆ ಮಧ್ಯಾಹ್ನವೇ ಬಂತು. ಬಿತ್ತನೆ ಇಲ್ಲ. ಬೇಲಿಯೊಳಗಿನ ಹುಲ್ಲು ಕಿತ್ತು ಮೃಗಗಳನ್ನು ಹೊರಗೆ ಬಿಡಬೇಕು. ಹಲ್ಲಿಗೆ ಹಾನಿಯಾಗದಂತೆ ಹರಳನ್ನು ಎಲೆಯ ಬದಲು ಬೇರಿನಲ್ಲಿ ಕಟ್ಟುವ ಹುಲ್ಲನ್ನು ಬೆಳೆಸಲು ಮೂರು ವರ್ಷ ಕೊಟ್ಟರು. ಆಗುತ್ತದೆಯೋ ಇಲ್ಲವೋ ಮಂದಾಕಿನಿಯವರಿಗೂ ಗೊತ್ತಿರಲಿಲ್ಲ. ಪಾಲಯ್ಯನ ಕೆಲಸದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಅದು ತಾನಾಗಿಯೇ ಮುಗಿದಿತ್ತು.

ಅವನು ತಂಪುಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಒಳಗೆ ನೂರೈವತ್ತು ಜನ. ಕಲ್ಲಿನಂತೆ ಕೂತಿದ್ದರು. ಬಾಯಿಗೆ ಬಂದದ್ದು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ. ಓಬಳಮ್ಮ ಒಂದು ಮೂಲೆಯಿಂದ ಅವನನ್ನೇ ನೋಡುತ್ತಿದ್ದಳು. ಬಾಗಿಲ ಬಳಿ ಕರಿಯಮ್ಮ ಕೂತಿದ್ದಳು. ಹೋದ ವೈಶಾಖದಲ್ಲಿ ಸತ್ತ ಹನ್ನೊಂದು ಜನರಲ್ಲಿ ಅವಳ ಮಗಳೂ ಒಬ್ಬಳು. ಪಾಲಯ್ಯ ಅವಳ ಕಣ್ಣಿಗೆ ಕಣ್ಣು ಕೊಡಲಾರದೆ ಹೊಸ್ತಿಲಲ್ಲೇ ನಿಂತ.

"ಇನ್ನೆಷ್ಟು ಬೇಸಿಗೆ ಅಂತೆ?" ಕರಿಯಮ್ಮ ಕೇಳಿದಳು.

"ಮೂರು ಅಂತಾರೆ ಅತ್ತೆಮ್ಮ. ಹೆಚ್ಚೂ ಆಗ್ಬೌದು."

ಅವಳು ಗೋಡೆಯ ಕಡೆ ನೋಡಿದಳು. ಅವಳ ಎರಡು ಮೇಕೆಗಳು ಗೋಡೆಗೆ ಒರಗಿ ಮೆಲುಕು ಹಾಕುತ್ತಿದ್ದವು. ಆಮೇಲೆ ತನ್ನ ಚಾಪೆಯನ್ನು ಒಂದು ಮೊಳ ಎಳೆದುಕೊಂಡು ಜಾಗ ಮಾಡಿದಳು. "ಬಾಗ್ಲು ಹಾಕ್ಕೊಂಡು ಒಳಗೆ ಬಾ. ಕಾವು ನುಗ್ತೈತೆ," ಎಂದಳು.

ಮರುದಿನ ಬೆಳಗ್ಗೆ ಪಾಲಯ್ಯ ಮತ್ತೆ ಕೇಂದ್ರಕ್ಕೆ ಹೋದ. ಆ ದಪ್ಪ ಪುಸ್ತಕ ತೆಗೆಸಿಕೊಂಡು ಕಪಾಟಿನ ಎದುರು ನೆಲದ ಮೇಲೆ ಕೂತ. ಮೊದಲ ಪುಟದಿಂದ ಶುರುಮಾಡಿದ. 'ವಯಸ್ಸಾಗಿ' ಎಂಬಲ್ಲೆಲ್ಲ ಒಂದು ಅಡ್ಡಗೆರೆ, ಪಕ್ಕದಲ್ಲಿ 'ಹಸಿವಿನಿಂದ'. ಯಂತ್ರ ಓದಿದ್ದಕ್ಕೆ ಯಂತ್ರದ ವಯಸ್ಸು, ಉಳಿದ ಗಂಡುಗಳಿಗೆ ಕೊಂಬಿನ ವಯಸ್ಸು. ಕೊಂಬೂ ಇಲ್ಲದೆ, ಯಂತ್ರಕ್ಕೂ ಹೋಗದೆ ಉಳಿದ ಹೆಣ್ಣುಗಳ ಮುಂದೆ 'ನನಗೆ ಗೊತ್ತಿಲ್ಲ' ಎಂದು ಬರೆದ. ಒಂದೊಂದು ಸಲವೂ ಆ ದವಡೆಯನ್ನು ಕೈಗೆತ್ತಿಕೊಂಡು, ಹಲ್ಲಿನ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, ಆಮೇಲೆ ಬರೆಯುತ್ತಿದ್ದ. ಮೂರು ದಿನ ಹಿಡಿಯಿತು.

ಇನ್ನೂರ ಹನ್ನೆರಡು ಮುಗಿದ ಮೇಲೆ ಪುಸ್ತಕ ಮುಚ್ಚಲಿಲ್ಲ. ಎದ್ದು ಹೋಗಿ ಮಂದಾಕಿನಿಯವರ ಮೇಜಿನಿಂದ ಆ ಬೆಲ್ಲದ ಬಣ್ಣದ ಕಲ್ಲಿನ ದವಡೆಯನ್ನು ತಂದ. ಅವರು ನೋಡುತ್ತಾ ನಿಂತರು. ಪಾಲಯ್ಯ ಹೊಸ ಸಾಲಿನಲ್ಲಿ ನಂಬರು ಹಾಕಿದ, ತನ್ನ ದಪ್ಪ ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದ:

ಇನ್ನೂರ ಹದಿಮೂರು. ಶಿವಾಲಿಕ್ ಗುಡ್ಡ. ಹದಿನಾಲ್ಕು ವರ್ಷ ಅಂದಿದ್ದೆ. ಐದು ವರ್ಷ ಎರಡು ತಿಂಗಳು. ಸುತ್ತ ಹುಲ್ಲಿತ್ತು. ಹಸಿವಿನಿಂದ ಸತ್ತದ್ದು.